ಓರೆ ಕಂಬಿಗಳ ದಿಕ್ಕು

ಕಂಪ್ಯೂಟರಿನ ಮುಂದೆ ಕೂತಾಗ ಅಕ್ಕನ ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಗೋಡೆಯ ಮೇಲೆ ಹರಿಯುವ ಹಲ್ಲಿಯನ್ನು ಹಿಂಬಾಲಿಸುವವರ ಹಾಗೆ ಪರದೆಯ ಎಡತುದಿಯಿಂದ ಬಲತುದಿಗೆ, ಮತ್ತೆ ಎಡಕ್ಕೆ, ನಿಧಾನವಾಗಿ ತಿರುಗುತ್ತಲೇ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು ಅದನ್ನು ಏಕಾಗ್ರತೆ ಎಂದುಕೊಂಡಿದ್ದೆ.

ನಮ್ಮ ಆಫೀಸು ಗೊರಗುಂಟೆಪಾಳ್ಯದಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೌನು, ಫ್ಯಾಕ್ಟರಿ, ಕಲ್ಯಾಣ ಮಂಟಪಗಳ ಕಬ್ಬಿಣದ ಚಾವಣಿಯನ್ನು ಕಟ್ಟುವ ಮೊದಲು ಸಾಫ್ಟ್‌ವೇರಿನಲ್ಲಿ ಕಂಬಿ ಕಂಬಿಯಾಗಿ ಜೋಡಿಸಿ ತೋರಿಸುವುದು ನಮ್ಮ ಕೆಲಸ. ಇಂಜಿನಿಯರ್ ಲೆಕ್ಕ ಮಾಡಿ ಕಳಿಸುತ್ತಿದ್ದರು, ನಾವು ಅದರಂತೆ ಮಾಡೆಲ್ ಮಾಡಿ ವರ್ಕ್‌ಶಾಪಿಗೆ ಡ್ರಾಯಿಂಗ್ ಕೊಡುತ್ತಿದ್ದೆವು. ನಾನು ಗದಗದ ಕಡೆಯವಳು, ಡಿಪ್ಲೊಮಾ ಮುಗಿಸಿ ಬಂದಿದ್ದೆ. ನನಗೆ ಕೆಲಸ ಕಲಿಸಿದವರು ಅಕ್ಕ. ಆಫೀಸಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು.

ಅಕ್ಕ ಶೆಟ್ಟಿಹಳ್ಳಿಯವರು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟುಗಳಾಗಿದ್ದವು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ಪೆನ್ಸಿಲ್ಲು ಹಿಡಿದು ನಿಂತು ಡ್ರಾಯಿಂಗ್ ಮಾಡುತ್ತಿದ್ದ ಕಾಲದಿಂದ ಇದೇ ಕೆಲಸ ಮಾಡಿಕೊಂಡು ಬಂದವರು. ನಾನು ಮಾಡೆಲ್ ಮುಗಿಸಿ, ಚಾವಣಿಗೆ ನೀಲಿ ತಗಡಿನ ಶೀಟು ಹೊದಿಸಿ, ಗೋಡೆಗೂ ತಗಡಿನ ಹೊದಿಕೆ ಹಾಕಿ, ಹೆಮ್ಮೆಯಿಂದ ತಿರುಗಿಸಿ ತೋರಿಸಿದರೆ ಅವರು ಮೊದಲು ಹೇಳುತ್ತಿದ್ದುದು ಒಂದೇ ಮಾತು.

"ಬಟ್ಟೆ ಬಿಚ್ಚು ಅದಕ್ಕೆ. ಶೀಟ್ ಹೊದ್ಸಿದ್ರೆ ಎಲ್ಲಾ ಕಟ್ಟಡಾನೂ ಚೆನ್ನಾಗೇ ಕಾಣುತ್ತೆ."

ಶೀಟುಗಳನ್ನು ಮರೆಮಾಡಿದ ಮೇಲೆ ಚಾವಣಿಯನ್ನು ಹೊರುವ ಟ್ರಸ್ಸುಗಳು ಮಾತ್ರ ಉಳಿಯುತ್ತಿದ್ದವು. ಮೇಲೊಂದು ಉದ್ದ ಕಂಬಿ, ಕೆಳಗೊಂದು ಉದ್ದ ಕಂಬಿ, ನಡುವೆ ಜಾಲರಿಯಂತೆ ನೇರ ಕಂಬಿಗಳು, ಓರೆ ಕಂಬಿಗಳು. ಆಗ ಅವರು ಬೆರಳನ್ನು ಪರದೆಗೆ ಒತ್ತಿ, "ಇಲ್ಲಿ ಒಬ್ಬ ಮನುಷ್ಯ ನಿಂತಿದಾನೆ ಅಂದ್ಕೋ. ಅವನ ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಹೇಳು" ಎನ್ನುತ್ತಿದ್ದರು. ನಾನು ಹೇಳಬೇಕು. ಯಾವ ಕಂಬಿಯನ್ನು ಭಾರ ಎಳೆಯುತ್ತದೆ, ಯಾವುದನ್ನು ಒತ್ತುತ್ತದೆ ಎಂದು ಕಂಬದ ಬುಡದ ತನಕ ಹೇಳಬೇಕು. ಎಳೆಸಿಕೊಳ್ಳುವ ಕಂಬಿ ಹಗ್ಗದ ಹಾಗೆ, ತೆಳ್ಳಗಿದ್ದರೂ ನಡೆಯುತ್ತದೆ. ಒತ್ತಿಸಿಕೊಳ್ಳುವುದು ಊರುಗೋಲಿನ ಹಾಗೆ, ದಪ್ಪ ಇರಲೇಬೇಕು. ಇಷ್ಟನ್ನು ಕಾಲೇಜು ಮೂರು ವರ್ಷದಲ್ಲಿ ನನ್ನ ತಲೆಗೆ ಹಾಕಿರಲಿಲ್ಲ. ಅವರು ಒಂದು ವಾರದಲ್ಲಿ ಹಾಕಿದರು.

ಒಂದು ಸಂಜೆ ಸರ್ಕಲ್ಲಿನಲ್ಲಿ ರಸ್ತೆ ದಾಟುವಾಗ ಅಕ್ಕ ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದರು. ಪಕ್ಕದಲ್ಲೇ ನುಗ್ಗಿ ಬಂದ ಬಸ್ಸು ಅವರಿಗೆ ಕಂಡಿರಲೇ ಇಲ್ಲ. ಆ ಬದಿಗೆ ಹೋದ ಮೇಲೂ ಕೈ ಬಿಡಲಿಲ್ಲ.

"ಕಣ್ಣಿನ ನರ ಒಣಗ್ತಾ ಇದೆಯಂತೆ ಕಣೆ. ಸುತ್ತ ಏನೂ ಕಾಣಲ್ಲ. ನಡುವೆ ಒಂದು ಕಿಂಡಿ ಉಳ್ದಿದೆ ಅಷ್ಟೆ."

"ಡಾಕ್ಟರ್ ಏನಂತಾರ್ರಿ ಅಕ್ಕಾ?"

"ಹೋಗಿದ್ದು ಬರಲ್ಲ ಅಂದ್ರು. ಇರೋದೂ ಎಷ್ಟು ದಿನಾನೋ." ಆಮೇಲೆ ನನ್ನ ಕೈ ಅಲ್ಲಾಡಿಸಿ, "ಆಫೀಸಲ್ಲಿ ಯಾರಿಗೂ ಏಳ್ಬೇಡ. ನಿನ್ ಕಾಲಿಗ್ ಬೀಳ್ತೀನಿ. ಈ ಕೆಲ್ಸ ಬಿಟ್ರೆ ನಂದು ಅಂತ ಇನ್ನೇನೂ ಇಲ್ಲ ಕಣೆ" ಎಂದರು. ಹೆದರಿದಾಗ ಅವರ ಬಾಯಿಗೆ ಹಳ್ಳಿಯ ಮಾತು ಬರುತ್ತಿತ್ತು.

ನಾನು ಹೇಳಲಿಲ್ಲ. ಅಂದಿನಿಂದ ಅವರಿಗೆ ಕಾಣದ್ದನ್ನು ನಾನು ಪಿಸುಮಾತಿನಲ್ಲಿ ಓದಿ ಹೇಳತೊಡಗಿದೆ. ಅವರು ಪರದೆಯನ್ನು ಕಿಂಡಿಯಷ್ಟು ಕಿಂಡಿಯಷ್ಟೇ ನೋಡಿ ತಲೆಯೊಳಗೆ ಇಡೀ ಚಾವಣಿಯನ್ನು ಕಟ್ಟಿಕೊಳ್ಳುತ್ತಿದ್ದರು. ದಿನ ಕಳೆದಂತೆ ಆ ಕಿಂಡಿಯೂ ಮಂಜಾಯಿತು. ನನ್ನ ಕೆಲಸವನ್ನು ಪರಿಶೀಲಿಸಿ ಸಹಿ ಹಾಕಬೇಕಾದವರು ಅವರು. ಕೊನೆಗೆ, "ನೀನ್ ನೋಡಿದೀಯಲ್ಲ? ಸರಿ ಇದೆಯಲ್ಲ?" ಎಂದು ಕೇಳಿ, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕುವಂತಾದರು.

ಯಲಹಂಕದ ಹೊರಗಿನ ಕಲ್ಯಾಣ ಮಂಟಪದ ಡ್ರಾಯಿಂಗ್‌ಗೂ ಹಾಗೆಯೇ ಸಹಿ ಹಾಕಿದ್ದು. ಅಲ್ಲಿ ಒಂಬತ್ತು ಟ್ರಸ್ಸು. ಒಂದನ್ನು ಮಾಡಿ ಉಳಿದವನ್ನು ಕಾಪಿ ಹೊಡೆದಿದ್ದೆ. ಕೊನೆಯ ಗಳಿಗೆಯಲ್ಲಿ ವೇದಿಕೆಯ ಮೇಲಿನ ಎರಡರ ಎತ್ತರ ಬದಲಾಯಿತು. ಅವೆರಡನ್ನು ಅಳಿಸಿ ಅವಸರದಲ್ಲಿ ಹೊಸದಾಗಿ ಕೂರಿಸಿದೆ. ಶೀಟು ಹೊದಿಸಿ ನೋಡಿದೆ, ಚೆನ್ನಾಗಿ ಕಂಡಿತು. ಅಕ್ಕ ಸರಿ ಇದೆಯಲ್ಲ ಎಂದು ಕೇಳಿದಾಗ ಹೌದೆಂದೆ. ಶೀಟು ತೆಗೆದು ನೋಡಿರಲಿಲ್ಲ.

ಮುಂದೊಂದು ದಿನ ಮಧ್ಯಾಹ್ನದ ಊಟ ಆದ ಮೇಲೆ ಮಂಟಪದ ಕಂಟ್ರಾಕ್ಟರ್ ನನ್ನ ಫೋನಿಗೆ ಫೋಟೊ ಕಳಿಸಿದ. ಟ್ರಸ್ಸುಗಳೆಲ್ಲ ಮೇಲೇರಿದ್ದವು, ಶೀಟು ಹಾಕುವವರು ಬಂದಿದ್ದರು. ಅಕ್ಕ ಖುಷಿಯಿಂದ, "ಹೇಗ್ ಕಾಣ್ತಿದೆ ಹೇಳು. ವೇದಿಕೆ ಕಡೆಯಿಂದ ಶುರು ಮಾಡು" ಎಂದರು.

ನಾನು ಹೇಳುತ್ತಾ ಹೋದೆ. ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ಓರೆ ಕಂಬಿ ಮೇಲಿಂದ ಶುರುವಾಗಿ ನಡುಮಧ್ಯದ ಕಡೆಗೆ ಇಳಿತಾವಲ್ಲ?"

"ಇಲ್ರಿ ಅಕ್ಕಾ, ಕೆಳಗಿಂದ ನಡುವಿನ ಕಡಿಗೆ ಏರ್ತಾವ."

ಅವರು ಕಣ್ಣು ತೆರೆದರು. "ಸರಿಯಾಗಿ ನೋಡು."

ನೋಡಿದೆ. ಪಕ್ಕದ ಟ್ರಸ್ಸಿನಲ್ಲಿ ಇಳಿಯುತ್ತಿದ್ದವು. ಈ ಎರಡರಲ್ಲಿ ಮಾತ್ರ ಏರುತ್ತಿದ್ದವು. ಎಳೆಸಿಕೊಳ್ಳಲೆಂದು ತೆಳ್ಳಗೆ ಮಾಡಿಸಿದ ಕಂಬಿಗಳನ್ನು ಒತ್ತಿಸಿಕೊಳ್ಳುವ ಹಾಗೆ ನಿಲ್ಲಿಸಿದ್ದೆ. ಶೀಟಿನ ಭಾರ ಬಿದ್ದರೆ ಅವು ಬಾಗಿ ಮಡಚಿಕೊಳ್ಳುತ್ತವೆ.

ಕಂಟ್ರಾಕ್ಟರಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ಆಫೀಸು ನಡೆಸುತ್ತಿದ್ದ ನಮ್ಮ ಸರ್‌ಗೆ ಮಾಡಿದರೆ, ಹೆಬ್ಬಾಳದಲ್ಲಿ ಮೀಟಿಂಗಿನಲ್ಲಿದ್ದೇನೆ, ನಾಳೆ ನೋಡೋಣ ಎಂದು ಇಟ್ಟುಬಿಟ್ಟರು. ಅಕ್ಕ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, "ಆಟೋ ಕರಿ" ಎಂದರು.

ಆಟೋ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅಕ್ಕ, "ಬಿಡ್ತಾ? ಹೊರಡ್ತಾ?" ಎಂದು ಕೇಳುತ್ತಿದ್ದರು. ನಾನು ಮತ್ತೆ ಮತ್ತೆ ಫೋನ್ ಹಚ್ಚುತ್ತಾ ಅಳುತ್ತಿದ್ದೆ. ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾವು ತಲುಪಿದಾಗ ಕ್ರೇನು ಶೀಟಿನ ಕಟ್ಟುಗಳನ್ನು ಮೇಲಕ್ಕೆ ಎತ್ತುತ್ತಿತ್ತು. ವೇದಿಕೆಯ ಮೇಲುಗಡೆ ಆಗಲೇ ಒಂದು ಕಟ್ಟು ಇಟ್ಟಾಗಿತ್ತು. ಆರು ಜನ ಟ್ರಸ್ಸುಗಳ ಮೇಲೆ ಓಡಾಡುತ್ತಿದ್ದರು.

"ಅವರನ್ನ ಕೆಳಗಿಳ್ಸಿ" ಎಂದರು ಅಕ್ಕ.

ಕಂಟ್ರಾಕ್ಟರ್ ನಕ್ಕ. "ಏನ್ ಮೇಡಂ, ಟ್ರಸ್ ನಿಂತು ಮೂರು ದಿನ ಆಯ್ತು. ಏನೂ ಆಗಿಲ್ಲ."

"ಮೂರು ದಿನದಿಂದ ಅದು ಹೊತ್ತಿರೋದು ಅದರ ಮೈಭಾರ ಮಾತ್ರ ಕಣ್ರೀ."

"ಡ್ರಾಯಿಂಗಲ್ಲಿ ನಿಮ್ ಸೈನೇ ಇದೆಯಲ್ಲ. ನೀವೇ ಸರಿ ಅಂದಿದೀರ. ಈಗ ಬಂದು ನಿಲ್ಸಿ ಅಂದ್ರೆ? ಮುಂದಿನ ತಿಂಗಳು ಓನರ್ ಮಗಳ ಮದುವೆ ಇದೆ ಇಲ್ಲೇ."

ಅಕ್ಕ ಅವನ ಮಾತು ಕೇಳುತ್ತಾ ನಿಲ್ಲದೆ ಒಳಕ್ಕೆ ನಡೆದರು. ನಾನು ಹಿಡಿಯುವಷ್ಟರಲ್ಲಿ ಜಲ್ಲಿಯ ರಾಶಿಗೆ ಎಡವಿ ಬಿದ್ದರು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಎದ್ದು, ಕೈ ಮುಂದೆ ಚಾಚಿಕೊಂಡು, ವೇದಿಕೆಯ ಅಂಚನ್ನು ತಡವಿ, ಹತ್ತಿ, ಸರಿಯಾಗಿ ಆ ಎರಡು ಟ್ರಸ್ಸುಗಳ ಕೆಳಗೆ ಕೂತರು.

"ಇಲ್ಲೇ ಕೂತಿರ್ತೀನಿ. ಏರ್ಸು ನಿನ್ ಶೀಟ್ನ."

"ಏಯ್, ಏನಮ್ಮಾ ಇದು! ಮೇಲೆ ಕ್ರೇನ್ ಆಡ್ತಿದೆ, ಕಣ್ ಕಾಣಲ್ವಾ ನಿಂಗೆ?"

"ಕಾಣಲ್ಲ!" ಎಂದು ಅಕ್ಕ ಕೂಗಿದರು. ಖಾಲಿ ಮಂಟಪದ ತುಂಬ ಆ ಕೂಗು ಮೊಳಗಿತು. "ಕಣ್ ಕಾಣಲ್ಲ ನಂಗೆ! ಒಂದು ಗೆರೆನೂ ನೋಡ್ದೇನೇ ಸೈನ್ ಆಕಿದೀನಿ. ಆ ಸೈನ್ ನಂಬ್ಕೊಂಡು ಜನಾನ ಮೇಲೆ ಅತ್ತಿಸ್ಬೇಡಪ್ಪಾ. ಇಳ್ಸಪ್ಪಾ ಅವರನ್ನ, ಕೈ ಮುಗೀತೀನಿ."

ಕಂಟ್ರಾಕ್ಟರನ ಮುಖ ಬಿಳಿಚಿಕೊಂಡಿತು. ಕ್ರೇನ್ ನಿಲ್ಲಿಸಿದ. ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದರು. ಕೊನೆಯವನು ಇಳಿದು ಬಂದು, ಅಲ್ಲೊಂದು ಓರೆ ಕಂಬಿ ಬಿಲ್ಲಿನ ಹಾಗೆ ಬಾಗಿದೆ ಎಂದು ಕೈಯಲ್ಲಿ ತೋರಿಸಿದ.

ಸಂಜೆಗೆ ನಮ್ಮ ಸರ್, ಇಂಜಿನಿಯರ್ ಇಬ್ಬರೂ ಬಂದರು. ಕೆಳಗಿನಿಂದ ಆಸರೆ ಕೊಟ್ಟು ಶೀಟಿನ ಕಟ್ಟನ್ನು ಇಳಿಸಿದರು. ಸರ್ ನಮ್ಮಿಬ್ಬರ ಮುಂದೆ ನಿಂತು, "ಈ ಎರಡು ಟ್ರಸ್ ಮಾಡಿದ್ದು ಯಾರು?" ಎಂದರು.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಊರಿನಲ್ಲಿ ನನ್ನ ಸಂಬಳಕ್ಕೆ ಕಾಯುವ ಅವ್ವ ಕಣ್ಣ ಮುಂದೆ ಬಂದಳು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆಗ ನನಗೆ ಯಾರೂ ನೆನಪಾಗಲಿಲ್ಲ, ಬರೀ ಹೆದರಿಕೆ ಇತ್ತು.

"ನಂದೇ ಸರ್" ಎಂದರು ಅಕ್ಕ.

ಸರ್ ಅಕ್ಕನಿಗೆ ಮರುದಿನದಿಂದ ಬರಬೇಡಿ ಎಂದರು. ಆ ಎರಡು ಟ್ರಸ್ಸಿನ ಓರೆ ಕಂಬಿಗಳನ್ನು ಕತ್ತರಿಸಿ ದಪ್ಪನೆಯವನ್ನು ಬೆಸೆದರು. ಮಂಟಪದಲ್ಲಿ ಮದುವೆಯೂ ಆಯಿತು. ಅಕ್ಕನ ಕುರ್ಚಿಯನ್ನು ನನಗೆ ಕೊಟ್ಟರು.

ಭಾನುವಾರಗಳಲ್ಲಿ ಶೆಟ್ಟಿಹಳ್ಳಿಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಅವರಿಗೆ ಬೆಳಕೂ ಕತ್ತಲೂ ಒಂದೇ ಆಗಿತ್ತು. ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತು, "ಈ ವಾರ ಏನ್ ಮಾಡ್ದೆ ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆದುಕೊಳ್ಳುತ್ತಿದ್ದರು. ಒಂದು ಸಲ ತಡೆಯಲಾಗದೆ, "ನಾ ಸರ್‌ಗೆ ನಿಜ ಹೇಳಿಬಿಡ್ತೀನ್ರಿ ಅಕ್ಕಾ" ಎಂದೆ.

"ಹೇಳು. ನಾನೇನ್ ತಡೆಯಲ್ಲ" ಎಂದರು. ಬೆರಳು ನಿಂತಿತ್ತು. "ನೀನು ಹೇಳ್ತೀಯ ಅಂತ ಅವತ್ತೂ ಸ್ವಲ್ಪ ಹೊತ್ತು ಕಾದಿದ್ದೆ ಕಣೆ."

ಅದಾದ ಮೇಲೂ ನಾನು ಹೇಳಲಿಲ್ಲ. ಭಾನುವಾರದ ಭೇಟಿಗಳೂ ಕಡಿಮೆಯಾದವು. ಕೆಲಸ ಹೆಚ್ಚು ಎಂದು ಫೋನಿನಲ್ಲಿ ಹೇಳುತ್ತಿದ್ದೆ, ಅವರು ಹೂಂ ಎನ್ನುತ್ತಿದ್ದರು. ಹೋದ ವರ್ಷ ಜ್ವರ ಬಂದು ಮಲಗಿದವರು ಏಳಲಿಲ್ಲ. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ತಿಥಿಯ ದಿನ ಹೋದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ನೆಂಟರೊಬ್ಬರು, ಕೆಲಸ ಯಾಕೆ ಬಿಟ್ಟಿದ್ದಳು ಎಂದು ವಿಚಾರಿಸಿದರು. ಪಾಯಸ ಬಡಿಸುತ್ತಿದ್ದ ಅಕ್ಕನ ಅಣ್ಣ, "ಕಣ್ ಕಾಣ್ದೆ ಏನೋ ತಪ್ ಮಾಡ್ಬಿಟ್ಳು. ಜನ ಸಾಯೋರು. ಕೊನೇವರ್ಗೂ ಅದೇ ಕೊರಗು ಅವಳಿಗೆ" ಎಂದರು.

"ತಪ್ಪು ಅವರದಲ್ಲರೀ" ಎಂದೆ. "ಮಾಡಿದಾಕಿ ನಾನು. ಅವರು ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ."

ಪಂಕ್ತಿಯಲ್ಲಿ ಅಕ್ಕಪಕ್ಕದವರು ಉಣ್ಣುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಅಣ್ಣ ಸೌಟು ಹಿಡಿದು ಹಾಗೆಯೇ ನಿಂತಿದ್ದರು. ಎದ್ದು ಹೋಗು ಎನ್ನುತ್ತಾರೆಂದು ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಅವರು ಬಗ್ಗಿ ನನ್ನ ಎಲೆಗೆ ಪಾಯಸ ಬಡಿಸಿದರು. ಮುಂದಿನ ಎಲೆಗೆ ಹೋದರು.