ಕಳ್ಳರಿಲ್ಲದ ಓಣಿ ಹುಡುಕುತ್ತ

ಗದಗದಿಂದ ಬೆಳಗಿನ ರೈಲು ಹತ್ತಿ ಒಂದೂವರೆ ತಾಸಿನಲ್ಲಿ ಹುಬ್ಬಳ್ಳಿ ಸೇರಿದೆ. ಡಿಸೆಂಬರಿನ ಚಳಿ, ನಿಲ್ದಾಣದ ಹೊರಗೆ ಆಟೋದವರೆಲ್ಲ ಮಫ್ಲರ್ ಸುತ್ತಿಕೊಂಡಿದ್ದರು. ಅಲ್ಲಿಂದ ನವನಗರಕ್ಕೆ ಬಸ್ಸಿನಲ್ಲಿ ಅರ್ಧ ತಾಸು. ನಾನು ಹೊರಟಿದ್ದು ಗಿರಿಜಕ್ಕನಿಗಾಗಿ. ಮೂರು ವಾರದ ಹಿಂದೆ, ಹಾಡುಹಗಲು, ಅವಳ ಮನೆಯ ಗೇಟಿನೆದುರೇ ಬೈಕಿನಲ್ಲಿ ಬಂದ ಇಬ್ಬರು ಕೊರಳ ಸರ ಕಿತ್ತುಕೊಂಡು ಹೋಗಿದ್ದರು. ಅಂದಿನಿಂದ ಅಕ್ಕ ಹೊಸ್ತಿಲು ದಾಟಿರಲಿಲ್ಲ. ಇಪ್ಪತ್ತೆಂಟು ವರ್ಷ ನರ್ಸ್ ಆಗಿ ದುಡಿದು, ಯಾವ ಪಾಳಿ ಮುಗಿದರೂ ಒಬ್ಬಳೇ ಮನೆಗೆ ಬರುತ್ತಿದ್ದವಳು ಅವಳು.

ಕಿಟಕಿಯಿಂದ ಯಾರೆಂದು ನೋಡಿಯೇ ಬಾಗಿಲು ತೆಗೆದಳು. ಕೊರಳಲ್ಲಿ ತೆಳುವಾದ ಗಾಯದ ಗೆರೆಯಿತ್ತು.

"ನೋವೇನಿಲ್ಲ ಬಿಡು. ಬಿದ್ದು ಅಷ್ಟು ಕೂಗಿದೆ, ಒಬ್ರೂ ಬರಲಿಲ್ಲ ನೋಡು, ಅದು ಮನಸಿನ್ಯಾಗ ಕುಂತೈತಿ. ಕಳ್ಳರಿಲ್ಲದ ಓಣ್ಯಾಗ ಒಂದು ಬಾಡಿಗಿ ಮನಿ ನೋಡೂಣು. ನೀ ಜೋಡಿ ಇದ್ರ ಹೊರಗ ಬರ್ತೇನಿ."

ಭಾವ ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, "ಹಂಗಾರ ನಮ್ಮ ಬೇಲೂರಿಗೇ ಬಾ. ಅಲ್ಲಿ ಸರ ಯಾರೂ ಕೀಳಂಗಿಲ್ಲ, ತಾಮ್ರದ ತಂತಿ ಅಷ್ಟ ಒಯ್ತಾರ" ಎಂದರು. ಅಕ್ಕ ನಕ್ಕಳು. ಭಾವ ಚಪ್ಪಲಿ ಮೆಟ್ಟುವುದನ್ನು ಬಿಟ್ಟು ಅವಳನ್ನೇ ನೋಡಿದರು.

ರೊಟ್ಟಿ, ಹೆಸರುಕಾಳು ಪಲ್ಲೆ ಉಂಡು ಮೊದಲು ಭಾವ ದೂರು ಕೊಟ್ಟಿದ್ದ ಪೊಲೀಸ್ ಠಾಣೆಗೆ ಹೋದೆವು. ಸರ ಸಿಕ್ಕಿರಲಿಲ್ಲ. ಅಲ್ಲಿದ್ದ ಮಹಿಳಾ ಹವಾಲ್ದಾರರು ಅಕ್ಕನಿಗೆ ಕುರ್ಚಿ ಕೊಟ್ಟು, ಮನೆ ಬದಲಿಸುವ ಮಾತು ಕೇಳಿ ನಿಧಾನವಾಗಿ ಹೇಳಿದರು:

"ಒಂದೊಂದು ಏರಿಯಾಕ್ಕ ಒಂದೊಂದು ನಮೂನಿ ಕಳವು ಇರ್ತಾವ್ರಿ ಅಕ್ಕಾರ. ನಿಮ್ಮಲ್ಲಿ ರಸ್ತಾ ಅಗಲ, ಮಂದಿ ಕಡಿಮಿ. ಸರ ಎಳದಾಂವ ಲಗೂನ ಹೆದ್ದಾರಿ ಮುಟ್ತಾನ. ಹಳೇ ಓಣ್ಯಾಗ ಓಡಾಕ ದಾರಿನ ಇಲ್ಲ, ಆದ್ರ ಸಂತಿ ಗದ್ದಲದಾಗ ಮೊಬೈಲ್ ಹೋಗ್ತಾವ. ಗಬ್ಬೂರ ಬೈಪಾಸಿನ್ಯಾಗ ನಿಂತ ಲಾರಿ ಡೀಸೆಲ್ ಹೋಗ್ತದ."

"ನಮ್ಮ ಹತ್ರ ಲಾರಿ ಇಲ್ಲಲ್ರಿ, ಗಬ್ಬೂರಕ್ಕ ಹೋಗಲೇನು?" ಎಂದಳು ಅಕ್ಕ. ಹವಾಲ್ದಾರರೂ ನಕ್ಕರು.

ಆದರೂ ಅಕ್ಕನ ಮನಸ್ಸು ಹಳೇ ಹುಬ್ಬಳ್ಳಿಯಲ್ಲಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹಸೀನಾ ಅಲ್ಲಿದ್ದಳು. ಎರಡು ಬಸ್ಸು ಬದಲಿಸಿ ಇಳಿದಾಗ ಬಿಸಿಲೇರಿತ್ತು. ಓಣಿ ಎಷ್ಟು ಕಿರಿದೆಂದರೆ ಎದುರಿನಿಂದ ಬಂದ ಕೈಗಾಡಿಗೆ ದಾರಿ ಬಿಡಲು ನಾವು ಯಾರದೋ ಕಟ್ಟೆ ಹತ್ತಬೇಕಾಯಿತು. ಹಸೀನಾಳ ಮನೆ ತಲುಪುವಷ್ಟರಲ್ಲಿ ನಾಲ್ಕು ಜನ "ಯಾರ ಮನಿಗ್ರಿ?" ಎಂದು ಕೇಳಿದ್ದರು. ನಾಲ್ಕನೆಯವರಿಗೆ ಉತ್ತರಿಸುವಾಗ ಅಕ್ಕನ ದನಿ ಹಗುರಾಗಿತ್ತು.

ಹಸೀನಾ ಮಂಡಕ್ಕಿ ಗಿರಮಿಟ್ ಕಲಸಿಕೊಟ್ಟಳು. ಅಕ್ಕನ ಕೊರಳ ಗಾಯ ನೋಡಿ ಕಣ್ಣೀರು ಹಾಕಿದಳು. ಮನೆಯ ವಿಷಯ ತೆಗೆದಾಗ, "ಬರ್ರಿ ಅಕ್ಕಾ, ನನಗೂ ಛಲೋ ಆಗ್ತದ. ಖರೇ ಹೇಳ್ತೇನಿ, ನನ್ನ ಮೊಬೈಲ್ ಹೋದ ತಿಂಗಳಾ ಸಂತ್ಯಾಗ ಹೋತು. ಆದ್ರ ಇಲ್ಲಿ ಕೂಗಿದ್ರ ಹತ್ತು ಮಂದಿ ಓಡಿ ಬರ್ತಾರ, ಎಲ್ಲಾರೂ ಎಲ್ಲಾರಿಗೂ ಗೊತ್ತು" ಎಂದಳು.

ಮರಳುವಾಗ ಬಸ್ಸಿನಲ್ಲಿ ಅಕ್ಕ, "ನವನಗರಕ್ಕ ಬಂದು ಹದಿನಾರು ವರ್ಷಾತು. ಬಾಜೂ ಮನಿಯಾಕಿ ಹೆಸರು ನನಗ ಗೊತ್ತಿಲ್ಲ" ಎಂದಳು.

ಬಸ್ಸಿಳಿದವಳು ತನ್ನ ಗೇಟು ತೆಗೆಯಲಿಲ್ಲ, ಪಕ್ಕದ ಮನೆಯದನ್ನು ತೆಗೆದಳು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹೊರಬಂದಳು. ಅಕ್ಕನನ್ನು ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಅವತ್ತು ನೀವು ಕೂಗಿದ್ದು ಕೇಳಿತ್ರಿ," ಎಂದಳು, ನಾವೇನೂ ಕೇಳುವ ಮೊದಲೇ. "ಒಬ್ಬಾಕಿನ ಇದ್ದೆ. ಅಂಜಿ ಬಾಗಲಾ ತೆಗೀಲಿಲ್ಲ. ನಿಮ್ಮ ಮಾರಿ ಹೆಂಗ ನೋಡಲಿ ಅಂತ ಇಷ್ಟು ದಿನ ಹೊರಗ ಬಂದಿಲ್ರಿ."

ಅಕ್ಕ ಏನನ್ನುತ್ತಾಳೋ ಎಂದು ನನಗೆ ದಿಗಿಲು. ಅವಳು ಆ ಹೆಂಗಸಿನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು, ರೋಗಿಯ ಕೈ ಹಿಡಿದಂತೆ. "ನಾನೂ ಹೊರಗ ಬಂದಿಲ್ರಿ," ಎಂದಳು. "ನಿಮ್ಮ ಹೆಸರೇನ್ರಿ?"

ಸುಮಿತ್ರಾ, ಎಂದಳು ಅವಳು. ಅಂದು ಸಂಜೆಯ ಚಹಾ ಅಲ್ಲೇ ಆಯಿತು. ಬಾಡಿಗೆ ಮನೆಯ ಮಾತು ಮತ್ತೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದಳು. ಬೇಡವೆಂದರೂ ಕೇಳಲಿಲ್ಲ. ಬಸ್ಸು ಹೊರಟಾಗ ಹಿಂದಿನ ಗಾಜಿನಿಂದ ನೋಡಿದೆ. ಅಗಲ ರಸ್ತೆಯ ಅಂಚಿನಲ್ಲಿ ಒಬ್ಬಳೇ ನಡೆಯುತ್ತಿದ್ದಳು. ಹಿಂದಿನಿಂದ ಬೈಕೊಂದು ಬಂದಾಗ ಪಕ್ಕದ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು ನಿಂತಳು. ಅದು ದಾಟಿಹೋಯಿತು. ಅಕ್ಕ ಸೆರಗು ಸರಿಪಡಿಸಿಕೊಂಡು ಮತ್ತೆ ನಡೆದಳು.