ನಾಲ್ಕನೆಯವಳ ಹೆಸರು

ನನ್ನ ಹೆಸರು ಸಾಕವ್ವ. ಹೇಳುವಾಗ ಇಂದಿಗೂ ಸಿಟ್ಟು ಬರುತ್ತದೆ, ಅದಕ್ಕೇ ಮೊದಲೇ ಹೇಳಿ ಮುಗಿಸಿಬಿಟ್ಟೆ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣೇ ಆದರೆ ನಮ್ಮ ಕಡೆ ಹೀಗೆ ಹೆಸರಿಡುತ್ತಿದ್ದರು. ಇನ್ನು ಹೆಣ್ಣು ಸಾಕಪ್ಪಾ ಎಂದು ದೇವರಿಗೆ ಹಾಕಿದ ಅರ್ಜಿ ಅದು; ಅರ್ಜಿಯ ಕಾಗದ ನಾನು. ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ಅರ್ಜಿ ಮಂಜೂರಾಯಿತೆಂದು ಮನೆಮಂದಿಯೆಲ್ಲ ನಂಬಿದರು.

ಎಪ್ಪತ್ತರ ದಶಕದಲ್ಲಿ ನಾನು ಇಂಡಿಯಲ್ಲಿ ಶಿಕ್ಷಕಿಯಾಗಿದ್ದೆ. ಶಾಲೆಯ ಹಳೆಯ ಇಂಗ್ಲಿಷ್ ನಿಘಂಟಿನ ಕೊನೆಯಲ್ಲಿ ಹೆಂಗಸರ ಹೆಸರುಗಳ ಪಟ್ಟಿಯಿತ್ತು, ಅರ್ಥಸಹಿತ. ಅದರಲ್ಲಿ ಲ್ಯಾಟಿನ್ ಹೆಸರುಗಳೇ ಹೆಚ್ಚು. ಕ್ಲಾರಾ ಎಂದರೆ ಬೆಳಕಿನಂಥವಳು, ಅಮಾಂಡಾ ಎಂದರೆ ಪ್ರೀತಿಗೆ ತಕ್ಕವಳು, ರೆಜಿನಾ ಎಂದರೆ ರಾಣಿ. ಬಿಡುವಿನ ವೇಳೆ ಅದನ್ನು ಓದಿ ಓದಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಒಂದು ದಿನ ಟೆರ್ಶಿಯಾ ಕಣ್ಣಿಗೆ ಬಿದ್ದಳು: ಮೂರನೆಯವಳು. ಅವಳ ಹಿಂದಿನ ಪುಟದಲ್ಲೇ ಕ್ವಾರ್ಟಾ, ನಾಲ್ಕನೆಯವಳು. ರೋಮಿನವರೂ ಹೆಣ್ಣುಮಕ್ಕಳನ್ನು ಎಣಿಸಿಯೇ ಕರೆಯುತ್ತಿದ್ದರಂತೆ! ಗಂಡುಮಕ್ಕಳಿಗೂ ಅಂಥ ಹೆಸರುಗಳಿದ್ದವೆಂದು ಇಂಗ್ಲಿಷ್ ಮಾಸ್ತರರು ಸಮಾಧಾನ ಹೇಳಿದರು. ನನಗೇನೂ ಸಮಾಧಾನವಾಗಲಿಲ್ಲ. ಆದರೂ ಕ್ವಾರ್ಟಾ ನನಗಿಂತ ಪುಣ್ಯವಂತೆ. ಅವಳನ್ನು ಎಣಿಸಿದರು, ಸಾಕೆನ್ನಲಿಲ್ಲ.

ಆಗಲೇ ನಮ್ಮೂರು ಮಸೂತಿಯಿಂದ ತಮ್ಮನ ಕಾಗದ ಬಂತು. ಅವನಿಗೂ ನಾಲ್ಕನೆಯದೂ ಹೆಣ್ಣೇ. 'ಅಕ್ಕಾ, ತೊಟ್ಟಿಲಿಗೆ ಹಾಕಾಕ ಸೋದರತ್ತಿ ನೀನ ಬರಬೇಕು. ನಿನ್ನ ಹೆಸರ ಇಡೂಣು ಅಂತ ಮಾಡೇವಿ.' ನನಗೆ ಮರ್ಯಾದೆ ಮಾಡುತ್ತಿದ್ದೇನೆಂದೇ ಆ ಪುಣ್ಯಾತ್ಮ ತಿಳಿದಿದ್ದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಹೋದೆ. ಬಾಗೇವಾಡಿಯ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಮಕ್ಕಳು ಸಾಕು ಎಂದು ಸರಕಾರ ಗೋಡೆಗೆ ಬರೆಸುತ್ತಿತ್ತು. ನಮ್ಮವರು ಮಗಳ ಮೈಮೇಲೇ ಬರೆಯುತ್ತಿದ್ದರು.

ನಮ್ಮಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳಬೇಕು. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅವಳು ಹೇಳಿದ್ದೇ ಹೆಸರು, ಅದಕ್ಕೆ ಅಪೀಲಿಲ್ಲ. ನಾನು ಬಗ್ಗಿದೆ, ಊದಿದೆ, ಊರಿಗೆಲ್ಲ ಕೇಳುವಂತೆ 'ರಾಣಿ' ಎಂದೆ. ಗುದ್ದುತ್ತಿದ್ದ ಕೈಗಳು ನಿಂತವು.

ತಮ್ಮನ ಮುಖ ಕಪ್ಪಿಟ್ಟಿತು. "ಹಿಂಗ್ಯಾಕ ಮಾಡಿದಿ ಅಕ್ಕಾ? ಮುಂದಿಂದೂ ಹೆಣ್ಣ ಆದ್ರ?"

"ಆಕೀನೂ ರಾಣಿನ. ನೀ ಹುಟ್ಟಲಿ ಅಂತ ನಾ ಒಬ್ಬಾಕಿ ಈ ಹೆಸರ ಹೊತ್ತಿದ್ದು ಸಾಲೂದಿಲ್ಲೇನು?"

ಅವನು ಅಂಗಳಕ್ಕೆ ಹೋಗಿಬಿಟ್ಟ. ಬಾಣಂತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನೋ, ಯುದ್ಧ ಗೆದ್ದವಳ ಹಾಗೆ ಗುಗ್ಗರಿ ತಿನ್ನುತ್ತ ಕೂತೆ.

ಅವ್ವ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆಂದುಕೊಂಡೆ.

"ಚಲೋ ಮಾಡಿದಿ," ಎಂದಳು ಮೆಲ್ಲಗೆ. "ನಿನಗೂ ನಾ ಮನಸಿನ್ಯಾಗ ಒಂದ ಹೆಸರ ಇಟಗೊಂಡಿದ್ದೆ. ನಿಮ್ಮ ಸೋದರತ್ತಿ ಸಾಕವ್ವ ಅಂದಬಿಟ್ಟಳು. ನನ್ನ ಮಾತ ಯಾರ ಕೇಳ್ತಿದ್ರು?"

ಬಾಯಲ್ಲಿದ್ದ ಗುಗ್ಗರಿ ಇಳಿಯಲಿಲ್ಲ. "ಯಾವ ಹೆಸರಬೇ?"

ಅವ್ವ ಬಾಯೊಳಗೇ ಒಂದೆರಡು ಹೆಸರು ಅಂದು ನೋಡಿ ತಲೆಯಾಡಿಸಿದಳು.

"ನನಗ ನೆನಪಿಲ್ಲವ್ವಾ. ಒಂದ ಸಲಾನೂ ಕರೀಲಿಲ್ಲ ನೋಡು, ಮರತ ಹೋತು."

ತಮ್ಮನ ಮೇಲಿನ ಸಿಟ್ಟು ಅಂದೇ ಇಳಿಯಿತು. ಆ ಗುಗ್ಗರಿಯ ತುತ್ತು ಮಾತ್ರ ಇನ್ನೂ ಇಳಿದಿಲ್ಲ.