ಗಂಗರಂಗಯ್ಯ ಸಾರ್ ಕೇಳಿದ ರಫ್ ಹಾಳೆ

ಮೊನ್ನೆ ನಾಗಸಂದ್ರದ ಮೆಟ್ರೋದಲ್ಲಿ ಪಕ್ಕಕ್ಕೆ ಬಂದು ನಿಂತವರ ಅಂಗಿಯಿಂದ ಲೋಹ ಕಡೆಯುವ ಲೇತ್ ಯಂತ್ರದ ಎಣ್ಣೆಯ ವಾಸನೆ ಬಂತು. ಬೇರೆಯವರು ಮೂಗು ಮುಚ್ಚಿಕೊಂಡರು. ನನಗೆ ಗಣಿತ ನೆನಪಾಯಿತು. ನಗಬೇಡಿ, ಹೇಳುತ್ತೇನೆ.

ನಲವತ್ತು ದಾಟಿದ ಮೇಲೆ ನನಗೆ ಎಂ.ಎಸ್ಸಿ. ಗಣಿತ ಓದುವ ಹುಚ್ಚು ಹಿಡಿದಿತ್ತು. ಬಾಗಲಗುಂಟೆಯ ಮನೆಯಲ್ಲಿ ತಿಂಡಿ, ಸಾರು ಎರಡನ್ನೂ ಒಟ್ಟಿಗೇ ಮುಗಿಸಿ, ಶನಿವಾರ, ಭಾನುವಾರ ತುಮಕೂರು ರಸ್ತೆಯ ಒಂದು ವಿಶ್ವವಿದ್ಯಾಲಯಕ್ಕೆ ಬಸ್ಸು ಹಿಡಿಯುತ್ತಿದ್ದೆ. ಮೊದಲ ದಿನ ಹುಡುಗರು ನನ್ನನ್ನು ಕಂಡು ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿದರು. ಕೂತುಕೊಳ್ಳಿ ಎಂದು ಹೇಳಿ ನಾನೂ ಅವರ ನಡುವೆ ಹೋಗಿ ಕೂತೆ.

ಎರಡನೇ ವರ್ಷ ಪ್ರಾಜೆಕ್ಟಿಗೆ ಒಬ್ಬ ಮೆಂಟರನ್ನು ಆರಿಸಿಕೊಳ್ಳಬೇಕಿತ್ತು. ಮೂವರ ಹಿನ್ನೆಲೆ, ಆಸಕ್ತಿಗಳನ್ನು ಬರೆದು, ಫೋಟೋ ಸಮೇತ, ಮದುವೆ ಬ್ಯೂರೋದವರ ಹಾಗೆ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಮೊದಲನೆಯವರು ವಿದೇಶದಲ್ಲಿ ಓದಿ ಬಂದವರು. ಹವ್ಯಾಸ ಬೆಟ್ಟ ಹತ್ತುವುದು. ಆದರೆ ಎರಡನೇ ಮಹಡಿಗೂ ಲಿಫ್ಟ್ ಕಾಯುತ್ತಿದ್ದರು. ಎರಡನೆಯವರು ಸಂಗೀತದ ಮನೆತನದ ಮೇಡಂ. ಲೆಕ್ಕ ಬಿಡಿಸುತ್ತಾ ಆಲಾಪನೆಗೆ ಇಳಿದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳಿಸುತ್ತಿರಲಿಲ್ಲ. ಮೂರನೆಯವರೇ ಗಂಗರಂಗಯ್ಯ ಸಾರ್. ಹಿನ್ನೆಲೆ: ಪೀಣ್ಯದಲ್ಲಿ ಎಂಟು ವರ್ಷ ಲೇತ್ ಕೆಲಸ, ಸಂಜೆ ಕಾಲೇಜು. ಆಸಕ್ತಿ: ಗಣಿತದ ಅಸಮಾನತೆಗಳು, ಹಳೇ ಗಡಿಯಾರ ರಿಪೇರಿ. ಅವರ ಕೋಣೆಯಲ್ಲಿ ಏಳು ಗಡಿಯಾರಗಳು ಏಳು ಸಮಯ ತೋರಿಸುತ್ತಿದ್ದವು. ಸಾರ್ ಯಾವುದನ್ನು ನಂಬಿ ತಡವಾಗಿ ಬರುತ್ತಾರೆಂದು ಯಾರಿಗೂ ತಿಳಿದಿರಲಿಲ್ಲ.

ಹುಡುಗರೆಲ್ಲ ವಿದೇಶದವರ ಹಿಂದೆ ಬಿದ್ದರು. "ಆಂಟಿ, ಲೇತ್ ಸಾರ್ ಹತ್ರ ಹೋಗ್ಬೇಡಿ, ಸಕ್ಕತ್ ತಲೆ ತಿಂತಾರೆ" ಎಂದರು. ನಾನು ಅವರಲ್ಲಿಗೇ ಹೋದೆ. ನಮ್ಮ ಯಜಮಾನರೂ ಪೀಣ್ಯದ ಕಾರ್ಖಾನೆಯವರೇ. ಆ ಕಡೆಯ ಸಿಡುಕು ನನಗೆ ಇಪ್ಪತ್ತು ವರ್ಷದ ರೂಢಿ.

ಸಾರ್ ಕೊಟ್ಟ ಲೆಕ್ಕ ಇಷ್ಟೇ: ಮೂರು ಸಂಖ್ಯೆಗಳಿಂದ ಕಟ್ಟಿದ ಎರಡು ಮೊತ್ತಗಳಿವೆ; ಸಂಖ್ಯೆಗಳು ಯಾವುವೇ ಇರಲಿ, ಎಡಗಡೆಯ ಮೊತ್ತ ಬಲಗಡೆಯದಕ್ಕಿಂತ ಕಡಿಮೆಯಾಗದು ಎಂದು ಸಾಧಿಸಬೇಕು. ತಿಂಗಳುಗಟ್ಟಲೆ ಒದ್ದಾಡಿ, ಹನ್ನೊಂದು ಪುಟ ದುಂಡಗೆ ಬರೆದು, ಬೈಂಡ್ ಮಾಡಿಸಿಕೊಂಡು ಹೋದೆ. ಅಂದು ಸಂಜೆಯೊಳಗೆ ಸಹಿ ಬೀಳದಿದ್ದರೆ ಒಂದು ವರ್ಷ ಹೋಗುತ್ತಿತ್ತು. ಇದೇ ಕೊನೆಯ ವರ್ಷ ಎಂದು ಮನೆಯಲ್ಲಿ ಒಪ್ಪಂದವಾಗಿದ್ದರಿಂದ ಓದೂ ಅಲ್ಲಿಗೇ ಮುಗಿಯುತ್ತಿತ್ತು.

ಸಾರ್ ಸರಸರ ಪುಟ ತಿರುವಿದರು. "ಒಂಬತ್ತನೇ ಪುಟ ತಪ್ಪು. ರಫ್ ಎಲ್ಲಿ?"

"ರಫ್ ಎಲ್ಲಾ ಇನ್ನೂ ತಪ್ಪು ಸಾರ್."

"ಅದಕ್ಕೇ ಕೇಳ್ತಿರೋದು. ಲೇತಲ್ಲಿ ಕೆಟ್ಟೋದ ಪೀಸ್ನ ನಾವು ಬಿಸಾಕ್ತಿರ್ಲಿಲ್ಲ ಕಣಮ್ಮ. ಯಾಕೆ ಕೆಡ್ತು ಅಂತ ಚೀಟಿ ಕಟ್ಟಿ ಇಡ್ತಿದ್ವಿ. ಕೆಟ್ಟಿದ್ದು ನೋಡ್ದೆ ನಾನು ಸೈನ್ ಹಾಕಲ್ಲ. ಐದು ಗಂಟೆ ಒಳಗೆ ತನ್ನಿ."

"ಯಾವ ಗಡಿಯಾರದ ಐದು ಸಾರ್?"

"ನಿಮ್ಮ ಕೈಯಲ್ಲಿರೋದು. ಓಡಿ."

ರಫ್ ಹಾಳೆ ಎಲ್ಲಿತ್ತೆಂದರೆ, ಅಡುಗೆಮನೆಯಲ್ಲಿ. ಒಳ್ಳೆಯ ದಪ್ಪ ಕಾಗದವಾಗಿದ್ದರಿಂದ ಡಬ್ಬಿಗಳ ಕೆಳಗೆ ಹಾಸಿದ್ದೆ. ಮನೆಗೆ ಬಂದವಳೇ ಬೇಳೆ, ಸಕ್ಕರೆ, ಎಣ್ಣೆ ಕ್ಯಾನು ಎಲ್ಲ ನೆಲಕ್ಕಿಳಿಸತೊಡಗಿದೆ. ಊಟಕ್ಕೆ ಕೂತಿದ್ದ ಯಜಮಾನರು ಗಾಬರಿಯಾದರು.

"ಏನೇ, ಮನೆ ಖಾಲಿ ಮಾಡ್ತಿದ್ದೀಯಾ?"

"ರಫ್ ಹುಡುಕ್ತಿದ್ದೀನಿ."

"ಫೇರ್ ಇರೋವಾಗ ರಫ್ ಯಾಕೆ?"

"ನಿಮ್ಮ ಪೀಣ್ಯದೋರ್ನೇ ಕೇಳಿ."

ಐದಕ್ಕೆ ಮುಂಚೆ ಓಡಿ ತಂದಿಟ್ಟ, ಅರಿಸಿನ ಮೆತ್ತಿದ ಹಾಳೆಗಳನ್ನು ಸಾರ್ ಮೊದಲು ಮೂಸಿದರು. ಆಮೇಲೆ ಗಡಿಯಾರ ಬಿಚ್ಚುವಾಗ ಹಾಕಿಕೊಳ್ಳುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಓದಿದರು. ಎಣ್ಣೆ ಕ್ಯಾನು ಬಿಟ್ಟಿದ್ದ ಉಂಗುರದೊಳಗೆ ಅವರ ಬೆರಳು ನಿಂತಿತು. ಅಲ್ಲಿ ನಾನು ಬರೆದು ಹೊಡೆದುಹಾಕಿದ್ದ ಸಾಲೊಂದಿತ್ತು: 'ಮೂರರಲ್ಲಿ ದೊಡ್ಡದನ್ನು ಮೊದಲು, ಚಿಕ್ಕದನ್ನು ಕೊನೆಗೆ ಇಟ್ಟುಕೊಳ್ಳೋಣ.' ತೊಳೆದ ಪಾತ್ರೆಗಳನ್ನು ನಾನು ಜೋಡಿಸುವುದೂ ಹಾಗೆಯೇ.

"ಇದನ್ನ ಯಾಕೆ ಹೊಡೆದಾಕಿದ್ರಿ? ಮೂರು ಸಂಖ್ಯೆಗೂ ಇಲ್ಲಿ ಒಂದೇ ಮರ್ಯಾದೆ. ಹೆಂಗ್ ಜೋಡಿಸಿದ್ರೂ ಲೆಕ್ಕ ಬದಲಾಗಲ್ಲ. ಹಿಂಗ್ ಇಟ್ಕೊಂಡ್ರೆ ಎರಡು ಹೆಜ್ಜೆಗೆ ಮುಗೀತು!"

"ತುಂಬಾ ಸುಲಭ ಆಗೋಯ್ತು ಸಾರ್. ನನಗೇ ಹೊಳೆದಿದೆ ಅಂದ್ಮೇಲೆ ತಪ್ಪೇ ಇರ್ಬೇಕು ಅಂತ..."

ಸಾರ್ ನಗಲಿಲ್ಲ. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ಹತ್ತು ವರ್ಷ ನಾನೂ ಹಿಂಗೇ ಹಾಳು ಮಾಡ್ಕೊಂಡೆ ಕಣಮ್ಮ" ಎಂದರು.

ಅಲ್ಲೇ ಕೂರಿಸಿ ಬರೆಸಿದರು. ಹನ್ನೊಂದು ಪುಟ ಅರ್ಧ ಪುಟವಾಯಿತು. ಸಹಿ ಹಾಕಿದರು. ನನ್ನ ಬೈಂಡ್ ಮಾಡಿಸಿದ ಪುಸ್ತಕಕ್ಕೆ ದಾರದಲ್ಲಿ ಒಂದು ಚೀಟಿಯನ್ನೂ ಕಟ್ಟಿ ಕೈಗಿತ್ತರು. 'ಕೆಟ್ಟಿದ್ದಕ್ಕೆ ಕಾರಣ: ಹೆದರಿಕೆ.'

ಮೊನ್ನೆ ಮೆಟ್ರೋ ಇಳಿದು ಮನೆಗೆ ಬಂದವಳು ಹತ್ತು ನಿಮಿಷದಲ್ಲಿ ತಿಳಿಸಾರು ಮಾಡಿ ಒಲೆ ಆರಿಸಿದೆ. ಯಜಮಾನರು ಬಾಗಿಲಲ್ಲಿ ನಿಂತು ಇಣುಕಿದರು.

"ಇಷ್ಟು ಬೇಗ ಆಗೋಯ್ತಾ? ಸರಿಯಾಗಿ ಕುದ್ದಿದ್ಯೇನೇ?"

ಒಂದು ಕಾಲದಲ್ಲಾಗಿದ್ದರೆ, ಕಷ್ಟಪಟ್ಟ ಹಾಗೆ ಕಾಣಲಿ ಎಂದು ಇನ್ನೊಂದು ಕಾಲು ಗಂಟೆ ಅದನ್ನು ಸುಮ್ಮನೆ ಕುದಿಸುತ್ತಿದ್ದೆ.

"ಆಗಿದೆ," ಎಂದೆ. "ತಟ್ಟೆ ತಗೊಳ್ಳಿ."